ಷರಾ ಬರೆಯದ ಪಂದ್ಯ

ಮೈದಾನದ ಗ್ಯಾಲರಿಯ ಮೆಟ್ಟಿಲುಗಳ ಅಡಿಯಲ್ಲಿ ಒಂದು ಕೋಣೆ ಇತ್ತು. ಮೇಲೆ ಮೆಟ್ಟಿಲು ಇಳಿದ ಹಾಗೇ ಕೆಳಗೆ ತಾರಸಿಯೂ ಇಳಿಯುತ್ತಿತ್ತು. ಬಾಗಿಲ ಬಳಿ ಆರಡಿ ಆಳು ನೆಟ್ಟಗೆ ನಿಲ್ಲಬಹುದು. ಒಳಗೆ ಹೋಗುತ್ತಾ ಹೋಗುತ್ತಾ ಕತ್ತು ಬಗ್ಗಿಸಬೇಕು. ಕೊನೆಯ ಗೋಡೆಯ ಹತ್ತಿರ ಕೂತೇ ಇರಬೇಕು. ಅಂತರ ಕಾಲೇಜು ಫುಟ್‌ಬಾಲ್ ಪಂದ್ಯಾವಳಿಯ ಸಮಿತಿ ಸೇರುತ್ತಿದ್ದದ್ದು ಆ ಕೋಣೆಯಲ್ಲಿ. ಹಿರಿಯರು ಎತ್ತರದ ಕಡೆ ಕುರ್ಚಿ ಹಾಕಿಕೊಳ್ಳುತ್ತಿದ್ದರು. ನಾನು ಸಮಿತಿಯ ಕಾರ್ಯದರ್ಶಿ, ಅಂದರೆ ನಡಾವಳಿ ಪುಸ್ತಕ ಬರೆಯುವವನು ಮತ್ತು ಕಾಫಿ ತರಿಸುವವನು. ನನ್ನ ಬೆಂಚು ತಗ್ಗಿನ ಕಡೆಗಿತ್ತು. ಯಾರಾದರೂ ಕರೆದಾಗ ಮರ್ಯಾದೆಗೆಂದು ಎದ್ದುಬಿಟ್ಟರೆ ನೆತ್ತಿ ಕಾಂಕ್ರೀಟಿಗೆ ಟಕ್ಕೆಂದು ಬಡಿಯುತ್ತಿತ್ತು. ಮೊದಲ ವರ್ಷ ಮೂರು ಸಲ ಬಡಿಸಿಕೊಂಡೆ. ಆಮೇಲೆ ಕೂತಲ್ಲೇ ಮಾತಾಡುವುದನ್ನು ಕಲಿತೆ, ಅದೂ ಮೆಲ್ಲಗೆ.

ಬಾಗಿಲಿನದು ಇನ್ನೊಂದು ಪ್ರಾರಬ್ಧ. ಮಳೆಗಾಲ ಬಂತೆಂದರೆ ಮರ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತಿತ್ತು. ಚಿಲಕ ಹಿಡಿದು ಸ್ವಲ್ಪ ಮೇಲಕ್ಕೆತ್ತಬೇಕು, ಆಗ ಮಾತ್ರ ಜಗ್ಗುತ್ತಿತ್ತು. ಈ ಗುಟ್ಟು ಗೊತ್ತಿಲ್ಲದ ಎಷ್ಟೋ ಮಂದಿ ಸಭೆ ಮುಗಿದ ಮೇಲೂ ಬಾಗಿಲ ಜೊತೆ ಗುದ್ದಾಡುತ್ತಾ ನಿಂತದ್ದನ್ನು ನೋಡಿ ನಾವು ನಕ್ಕಿದ್ದುಂಟು.

ಇದು ತೊಂಬತ್ತರ ದಶಕದ ನಡುವಿನ ಮಾತು. ಜಯಲಕ್ಷ್ಮಿಪುರಂನ ಒಂದು ಖಾಸಗಿ ಕಾಲೇಜಿನಲ್ಲಿ ನಾನು ದೈಹಿಕ ಶಿಕ್ಷಣ ನಿರ್ದೇಶಕ. ಹೆಸರು ಕೇಳಿ ಹೆದರಬೇಡಿ. ಹುಡುಗರ ಬಾಯಲ್ಲಿ ಪಿ.ಟಿ. ಮೇಷ್ಟ್ರು, ಆಡಳಿತ ಮಂಡಳಿಯ ಕಡತದಲ್ಲಿ ‘ತಾತ್ಕಾಲಿಕ’. ಪ್ರತಿ ಜೂನ್‌ನಲ್ಲಿ ಹೊಸದಾಗಿ ಆದೇಶ ಬರಬೇಕು; ಬರುವವರೆಗೆ ನನಗೆ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಆ ಕೆಲಸ ಕೊಡಿಸಿದವರು ನನ್ನ ಗುರುಗಳು. ಚೆಂಡಿಗೆ ಕಾಲು ಹಾಕುವುದನ್ನು ಕಲಿಸಿದವರೂ ಅವರೇ, ಮಂಡಳಿಯವರ ಮನೆಗೆ ಕರೆದುಕೊಂಡು ಹೋಗಿ ‘ಇವನು ನಮ್ಮ ಹುಡುಗ’ ಎಂದವರೂ ಅವರೇ. ಬೇರೊಂದು ಹಳೆಯ ಕಾಲೇಜಿನಲ್ಲಿದ್ದ ಅವರೇ ಪಂದ್ಯಾವಳಿ ಸಮಿತಿಗೂ ಅಧ್ಯಕ್ಷರು. ಅವರ ಉಪ್ಪು ತಿಂದವನು ನಾನು. ಅವರೆದುರು ನನ್ನದೊಂದು ಅಭಿಪ್ರಾಯ ಅಂತ ಬೇರೆ ಇಟ್ಟುಕೊಂಡವನೇ ಅಲ್ಲ.

ಆ ವರ್ಷ ನಮ್ಮ ಗುಂಪಿನಲ್ಲಿ ನಾಲ್ಕು ತಂಡಗಳಿದ್ದವು. ಎಲ್ಲರೂ ಎಲ್ಲರ ಜೊತೆ ಆಡಬೇಕು, ಮೊದಲಿನ ಎರಡು ತಂಡ ನಾಕೌಟ್‌ಗೆ. ನಾಕೌಟ್‌ಗೆ ಅಷ್ಟು ಬೆಲೆ ಯಾಕೆಂದರೆ ವಿಶ್ವವಿದ್ಯಾನಿಲಯದ ತಂಡವನ್ನು ಆರಿಸುವವರು ಬರುತ್ತಿದ್ದದ್ದು ಆಗ ಮಾತ್ರ. ಲೀಗ್ ಪಂದ್ಯಗಳ ಕಡೆ ಅವರು ತಲೆ ಹಾಕಿಯೂ ಮಲಗುತ್ತಿರಲಿಲ್ಲ.

ಗುಂಪಿನಲ್ಲಿ ಒಂದು ಎಂಜಿನಿಯರಿಂಗ್ ಕಾಲೇಜು ಇತ್ತು, ವರ್ಷ ವರ್ಷವೂ ಅದೇ ಚಾಂಪಿಯನ್. ಅದರ ಮೇಲೆ ಗೆಲ್ಲುವ ಮಾತು ಯಾರೂ ಆಡುತ್ತಿರಲಿಲ್ಲ, ಎಷ್ಟರಲ್ಲಿ ಸೋಲುತ್ತೇವೆ ಅನ್ನುವುದಷ್ಟೇ ಮಾತು. ನಮ್ಮ ಹುಡುಗರು ಪಂದ್ಯದ ಹಿಂದಿನ ದಿನ ಗುಂಪಾಗಿ ನನ್ನ ಹತ್ತಿರ ಬಂದರು.

“ಸಾರ್, ಹೋಗಿ ಒದೆ ತಿನ್ನೋದ್ಯಾಕೆ? ವಾಕ್‌ಓವರ್ ಕೊಟ್ಬುಡಾಣ. ಮೂರೇ ಗೋಲಲ್ವ ಬರ್ಕಳೋದು?”

ಪಂದ್ಯಕ್ಕೆ ಬಾರದ ತಂಡ ಸೊನ್ನೆ–ಮೂರರಿಂದ ಸೋತಿತೆಂದು ಬರೆದುಕೊಳ್ಳುವುದು ಪಂದ್ಯಾವಳಿಯ ಪದ್ಧತಿ. ಮನೆಯಲ್ಲೇ ಕೂತವನ ಸೋಲಿಗೆ ಮೂರೇ ಗೋಲು. ನಾನು ಹುಡುಗರಿಗೆ ಚೆನ್ನಾಗಿ ಬೈದೆ. ಬೈದು ಮುಗಿಸಿ ಒಪ್ಪಿಕೊಂಡೆ. ನಾಲ್ಕು ಹುಡುಗರಿಗೆ ಜ್ವರವೆಂದು ಚೀಟಿ ಬರೆದು ಕಳಿಸಿದೆ. ಅದನ್ನು ಜಾಣತನ ಅಂದುಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ.

ಗುಂಪಿನ ಇನ್ನೊಂದು ತಂಡ ಒಂದು ಸಂಜೆ ಕಾಲೇಜಿನದು. ಹಗಲೆಲ್ಲ ಹೆಬ್ಬಾಳದ ಫ್ಯಾಕ್ಟರಿಗಳಲ್ಲಿ ದುಡಿದು ಸಂಜೆ ತರಗತಿಗೆ ಬರುವವರು. ಅವರಿಗೆ ಪಿ.ಟಿ. ಮೇಷ್ಟ್ರು ಅಂತ ಯಾರೂ ಇರಲಿಲ್ಲ; ಕಾಮರ್ಸ್ ಲೆಕ್ಚರರ್ ಒಬ್ಬರು ಅರ್ಜಿಗೆ ಸಹಿ ಹಾಕಿ ಕೈತೊಳೆದುಕೊಳ್ಳುತ್ತಿದ್ದರು. ಮಿಕ್ಕದ್ದೆಲ್ಲ ಕ್ಯಾಪ್ಟನ್ ತಲೆಯ ಮೇಲೆ. ಅವನು ಇಪ್ಪತ್ನಾಲ್ಕು ದಾಟಿದ ಆಳು, ಫಿಟ್ಟರ್, ಫ್ಯಾಕ್ಟರಿಯಲ್ಲಿ ಟೆಂಪರರಿ. ಒಟ್ಟಿನಲ್ಲಿ ನನ್ನ ಜಾತಿಯವನೇ ಅನ್ನಿ. ಅವನ ಫ್ಯಾಕ್ಟರಿಗೆ ಸ್ವಂತದ್ದೊಂದು ಫುಟ್‌ಬಾಲ್ ತಂಡವಿತ್ತು, ವಿಶ್ವವಿದ್ಯಾನಿಲಯಕ್ಕೆ ಆಡಿದವರನ್ನು ಅಲ್ಲಿ ಕಾಯಂ ಮಾಡಿಕೊಳ್ಳುತ್ತಿದ್ದರು. ಅವನಿಗೆ ಅದು ಡಿಗ್ರಿಯ ಕೊನೆಯ ವರ್ಷ, ಹಾಗಾಗಿ ಕೊನೆಯ ಅವಕಾಶ. ನಾಕೌಟ್‌ಗೆ ಬಂದರೆ ಆಯ್ಕೆಯವರ ಕಣ್ಣಿಗೆ ಬೀಳುತ್ತಾನೆ. ಬಿದ್ದರೆ ಅವರು ಬಿಡುವುದಿಲ್ಲ. ಅವನ ಎಡಗಾಲು ಅಂಥದ್ದು. ನಮ್ಮ ಮೇಲೆ ಆಡಿದಾಗ ಮೂವರು ಹುಡುಗರನ್ನು ದಾಟಿಸಿಕೊಂಡು ಬಂದು ಅವನು ಹೊಡೆದ ಗೋಲಿಗೆ ನಾನು ಎದುರು ತಂಡದ ಮೇಷ್ಟ್ರು ಅನ್ನುವುದನ್ನೇ ಮರೆತು ಚಪ್ಪಾಳೆ ತಟ್ಟಿದ್ದೆ. ಆ ಪಂದ್ಯ ಒಂದು–ಒಂದಕ್ಕೆ ಸಮ ಆಯಿತು. ನಾಲ್ಕನೆಯ ತಂಡವನ್ನು ಅವರು ನಾಲ್ಕು ಗೋಲಿನಿಂದ ಸೋಲಿಸಿದರು. ನಾವು ಏಳುತ್ತಾ ಬೀಳುತ್ತಾ ಒಂದೇ ಗೋಲಿನಿಂದ.

ಉಳಿದದ್ದು ಸಂಜೆ ಕಾಲೇಜಿಗೂ ಚಾಂಪಿಯನ್ನರಿಗೂ ಪಂದ್ಯ. ನಾವು ಮೇಷ್ಟ್ರುಗಳೇ ಒಬ್ಬರ ಪಂದ್ಯಕ್ಕೆ ಇನ್ನೊಬ್ಬರು ರೆಫ್ರಿಗಳಾಗುವುದು ರೂಢಿ, ಆ ಪಂದ್ಯಕ್ಕೆ ನಾನು. ಮಧ್ಯಾಹ್ನ ಮೂರೂವರೆಗೆ ಆರಂಭ. ಮೊದಲ ಪಾಳಿ ಎರಡಕ್ಕೆ ಮುಗಿಯುವುದರಿಂದ ಅವರಿಗೂ ಅನುಕೂಲ. ಕ್ಯಾಪ್ಟನ್ ಹನ್ನೊಂದು ಹೆಸರು ತುಂಬಿ, ಸಹಿ ಮಾಡಿ, ಫಾರಂ ಕೊಟ್ಟ. ಮೈದಾನದ ಕಡೆ ನೋಡಿದರೆ ಬೂಟು ಕಟ್ಟಿಕೊಳ್ಳುತ್ತಿದ್ದವರು ಏಳು ಜನ.

“ಎರಡ್ನೇ ಪಾಳಿಯೋರು ಬಂದಿಲ್ಲ ಸಾರ್. ನಮ್ಮೋರು ನಾಕ್ ಜನಾನ ಮಿಷನ್ ಹತ್ರನೇ ನಿಲ್ಲಿಸ್ಕಂಡವ್ರೆ. ಮುಂದಿನ್ ಬಸ್ಸಲ್ಲಿ ಬಂದ್ಬುಡ್ತಾರೆ.”

ನಮ್ಮ ಪಂದ್ಯಾವಳಿಯ ನಿಯಮ ಸ್ಪಷ್ಟವಾಗಿತ್ತು. ಒಂಬತ್ತು ಜನಕ್ಕಿಂತ ಕಡಿಮೆ ಇದ್ದರೆ ಪಂದ್ಯ ಆರಂಭಿಸಕೂಡದು. ಕಾಲು ಗಂಟೆ ಕಾಯುವುದು, ಆಮೇಲೆ ವಾಕ್‌ಓವರ್ ಎಂದು ಬರೆದು ಮುಗಿಸುವುದು. ನಾನು ಕಾಲು ಗಂಟೆ ಕಾದೆ. ಇನ್ನೂ ಐದು ನಿಮಿಷ ಕಾದೆ. ರಸ್ತೆಯ ಕಡೆಯಿಂದ ಯಾರೂ ಬರಲಿಲ್ಲ. ಎದುರು ತಂಡದ ಮೇಷ್ಟ್ರು ಅವತ್ತು ಬಂದಿರಲಿಲ್ಲ. ಅವರ ಹುಡುಗರು ಆಗಲೇ ಗೊಣಗಲು ಶುರುಮಾಡಿದ್ದರು. ನಾನು ಫಾರಂ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದೆ.

ಕ್ಯಾಪ್ಟನ್ ಓಡಿ ಬಂದ. “ವಾಕ್‌ಓವರ್ ಅಂತ ಬರೀಬೇಡಿ ಸಾರ್. ನಾವ್ ಬಂದಿದ್ದೀವಲ್ಲ, ಆಡ್ತೀವಿ. ಬಂದೋರು ಬರ್ದೇ ಇದ್ದಂಗೆ ಎಂಗ್ ಸಾರ್ ಆಯ್ತದೆ?”

ಬೇರೆ ಯಾವ ದಿನವಾಗಿದ್ದರೂ ನಿಯಮ ಅಂದರೆ ನಿಯಮ ಕಣಯ್ಯ ಎಂದುಬಿಡುತ್ತಿದ್ದೆ. ಆದರೆ ಎರಡು ದಿನದ ಹಿಂದಷ್ಟೇ ಇದೇ ಚಾಂಪಿಯನ್ನರಿಗೆ ಹೆದರಿ ನನ್ನ ಹನ್ನೊಂದು ಹುಡುಗರನ್ನು ಮನೆಯಲ್ಲೇ ಕೂರಿಸಿ ಜ್ವರದ ಚೀಟಿ ಬರೆದಿದ್ದೆ. ಅವನ ಮಾತು ನೇರವಾಗಿ ನನಗೇ ತಾಗಿತು. ನಾಲ್ವರು ಹತ್ತು ನಿಮಿಷದಲ್ಲಿ ಬರುತ್ತಾರೆ, ಬಂದ ಮೇಲೆ ಎಲ್ಲ ಸರಿಹೋಗುತ್ತದೆ ಎಂದು ಸೀಟಿ ಊದಿದೆ. ಫಾರಂನಲ್ಲಿದ್ದ ಹೆಸರು ಒಂದನ್ನೂ ಹೊಡೆದು ಹಾಕಲಿಲ್ಲ.

ನಾಲ್ವರೂ ಬರಲಿಲ್ಲ. ಅರ್ಧ ಆಟಕ್ಕೆ ಐದು ಗೋಲು, ಮುಗಿಯುವ ಹೊತ್ತಿಗೆ ಒಂಬತ್ತು. ಪ್ರತಿ ಸಲವೂ ಬಲೆಯಿಂದ ಚೆಂಡು ಎತ್ತಿಕೊಂಡು ನಡುಗೆರೆಗೆ ಓಡಿ ತಂದು ಇಟ್ಟವನು ಆ ಕ್ಯಾಪ್ಟನ್ನೇ. ಸೋಲುವವರು ಸಾಮಾನ್ಯವಾಗಿ ಹಾಗೆ ಓಡುವುದಿಲ್ಲ, ಹೊತ್ತು ಕಳೆದರೆ ಸಾಕೆಂದು ಕಾಲೆಳೆಯುತ್ತಾರೆ. ಒಂಬತ್ತನೆಯ ಗೋಲು ಬಿದ್ದ ಮೇಲೂ ಅವನು ಓಡಿದ. ಗೆದ್ದವರು ಈ ಏಳು ಜನರ ವಿಷಯ ಎಲ್ಲಿಯಾದರೂ ಬಾಯಿಬಿಡುತ್ತಾರೆಂಬ ಭಯ ನನಗಿರಲಿಲ್ಲ. ಏಳು ಜನರ ಮೇಲೆ ಒಂಬತ್ತು ಗೋಲು ಹೊಡೆದೆವೆಂದು ಯಾರು ಮೀಸೆ ತಿರುವಿಕೊಳ್ಳುತ್ತಾರೆ?

ಪಂದ್ಯದ ಫಾರಂನಲ್ಲಿ ಎಲ್ಲಕ್ಕಿಂತ ಕೊನೆಗೆ ‘ಷರಾ’ ಎಂಬ ಕಾಲಂ ಇರುತ್ತದೆ. ಏನಾದರೂ ವಿಶೇಷ ನಡೆದಿದ್ದರೆ ರೆಫ್ರಿ ಅಲ್ಲಿ ಬರೆಯಬೇಕು. ‘ಸಂಜೆ ಕಾಲೇಜು ಏಳು ಜನರೊಡನೆ ಆಡಿತು’ ಎಂದು ಒಂದು ಸಾಲು ಬರೆದರೆ ಮುಗಿಯುತ್ತಿತ್ತು. ಬರೆದರೆ ಮುಂದಿನ ಪ್ರಶ್ನೆ, ಏಳು ಜನ ಇದ್ದಾಗ ನೀನು ಪಂದ್ಯ ಶುರು ಮಾಡಿದ್ದು ಹೇಗೆ ಅನ್ನುವುದು. ಕ್ಯಾಪ್ಟನ್ ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಷರಾ ಖಾಲಿ ಬಿಟ್ಟು ಫಾರಂ ಮಡಿಚಿದೆ. ಖಾಲಿ ಬಿಟ್ಟರೆ ಸುಳ್ಳು ಬರೆದ ಹಾಗಾಗುವುದಿಲ್ಲವೆಂದು ಸಮಾಧಾನ ಮಾಡಿಕೊಂಡೆ.

“ಆಡಿಸಿದ್ರಲ್ಲ ಸಾರ್, ಸಾಕು,” ಎಂದು ಹೇಳಿ ಅವನು ಸೈಕಲ್ ಹತ್ತಿ ತರಗತಿಗೆ ಹೋದ.

ಲೀಗ್ ಮುಗಿದಾಗ ಚಾಂಪಿಯನ್ನರು ಮೊದಲು, ಎರಡನೆಯ ಸ್ಥಾನಕ್ಕೆ ನಾವು ಮತ್ತು ಸಂಜೆ ಕಾಲೇಜು. ಇಬ್ಬರಿಗೂ ಒಂದು ಗೆಲುವು, ಒಂದು ಸೋಲು, ಒಂದು ಸಮ. ಹೀಗಾದರೆ ಏನು ಮಾಡಬೇಕೆಂದು ನಿಯಮಾವಳಿಯಲ್ಲಿ ಒಂದೇ ಸಾಲಿತ್ತು: ‘ಸಮಿತಿಯು ಅರ್ಹತೆಯನ್ನು ಪರಿಗಣಿಸಿ ತೀರ್ಮಾನಿಸತಕ್ಕದ್ದು.’

ನಾನು ಅಡಕತ್ತರಿಯಲ್ಲಿ ಸಿಕ್ಕಿಕೊಂಡೆ. ಆ ದಿನ ಆಡಿದ್ದು ಏಳೇ ಜನ ಎಂದು ನಾನು ಬಾಯಿಬಿಟ್ಟರೆ ಆ ಪಂದ್ಯ ವಾಕ್‌ಓವರ್ ಆಗುತ್ತದೆ, ಒಂಬತ್ತು ಗೋಲು ಅಳಿಸಿ ಮೂರಾಗುತ್ತದೆ, ನಮ್ಮ ಸೋಲಿಗೂ ಅವರ ಸೋಲಿಗೂ ವ್ಯತ್ಯಾಸ ಉಳಿಯುವುದಿಲ್ಲ. ಆಗ ಗೆಲುವನ್ನು ತೂಗಿದರೆ ಅವರದ್ದು ನಾಲ್ಕು, ನಮ್ಮದು ಒಂದು. ನಾಕೌಟ್ ಅವರದ್ದು. ಜೊತೆಗೆ ನಿಯಮ ಮುರಿದವನು, ಮುಚ್ಚಿಟ್ಟವನು ಎಂದು ಮುಂದಿನ ಜೂನ್‌ನಲ್ಲಿ ನನಗೆ ಆದೇಶ ಬರುವುದಿಲ್ಲ. ಸುಮ್ಮನಿದ್ದರೆ ನನ್ನ ಹುಡುಗರಿಗೆ ನಾಕೌಟ್, ನನಗೆ ಕೆಲಸ. ಇನ್ನು ಅವನಿಗೆ? ಅವನಿಗಿದ್ದದ್ದು ಇದೊಂದೇ ವರ್ಷ.

ಸಭೆಯ ಹಿಂದಿನ ಸಂಜೆ ಮನೆಯಲ್ಲಿ ಹೇಳಿದೆ. ಹೆಂಡತಿ ಮಗುವಿಗೆ ಅನ್ನ ಕಲಸುತ್ತಿದ್ದಳು. ಪೂರಾ ಕೇಳಿದಳು.

“ಹೇಳ್ಬುಟ್ರೆ ಕೆಲ್ಸ ಹೋಗ್ತದಾ?”

“ಹೋಗಬಹುದು.”

ಅವಳು ಮಗುವಿನ ಬಾಯಿಗೆ ಒಂದು ತುತ್ತು ಇಟ್ಟಳು. “ಮತ್ತೆ ಹೇಳದೇ ಇದ್ರೆ ನಿಮ್ಗೆ ನಿದ್ದೆ ಬರ್ತದಾ?”

ಬೇಡ ಎಂದಾದರೂ ಅಂದಿದ್ದರೆ ಅವಳ ಮೇಲೆ ಹಾಕಿಬಿಡಬಹುದಿತ್ತು. ಆ ದಾರಿಯನ್ನೂ ಅವಳು ಮುಚ್ಚಿದ್ದಕ್ಕೆ ನನಗೆ ಕೋಪ ಬಂತು.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಸಭೆ. ಎತ್ತರದ ಕಡೆ ಗುರುಗಳು. ಅವರ ಎಡಕ್ಕೆ ಒಬ್ಬರು ಹಿರಿಯ ಮೇಷ್ಟ್ರು, ಮೂಲತಃ ಕಬಡ್ಡಿಯವರು, ಮುಲಾಜಿಲ್ಲದ ಬಾಯಿ. ಬಲಕ್ಕೆ ಇನ್ನೊಬ್ಬರು, ಗುರುಗಳು ಏನು ಹೇಳಿದರೂ ತಲೆಯಾಡಿಸುವವರು. ತಗ್ಗಿನಲ್ಲಿ ನಾನು, ತೊಡೆಯ ಮೇಲೆ ನಡಾವಳಿ ಪುಸ್ತಕ.

“ಒಂಬತ್ತು ಗೋಲು ಕಣ್ರಯ್ಯ!” ಗುರುಗಳು ಫಾರಂ ಎತ್ತಿ ತೋರಿಸಿದರು. “ಇಷ್ಟು ಹೀನಾಯವಾಗಿ ಸೋತೋರನ್ನ ನಾಕೌಟ್ ಆಡ್ಸಿದ್ರೆ ನೋಡ್ದೋರು ಏನಂತಾರೆ? ಪಂದ್ಯಾವಳಿಗೆ ಒಂದು ಮರ್ಯಾದೆ ಬೇಡ್ವ?”

ಕಬಡ್ಡಿಯವರು ಬಿಡಲಿಲ್ಲ. “ಒಂದಿನ ಅನ್ನ ಸೀದೋಯ್ತು ಅಂತ ಅಡಿಗೆಯವ್ನನ್ನೇ ಓಡ್ಸಕ್ಕಾಯ್ತದಾ ಸಾರ್? ಇನ್ನೊಂದ್ ಮ್ಯಾಚು ನಾಕ್ ಗೋಲಲ್ಲಿ ಗೆದ್ದವ್ರೆ, ಅದನ್ನೂ ನೋಡಿ. ಇವ್ರ ಹುಡುಗ್ರು,” ಎಂದು ನನ್ನ ಕಡೆ ಗಲ್ಲ ಎತ್ತಿದರು, “ಅವತ್ತು ಮೈದಾನಕ್ಕೆ ಬರ್ಲೇ ಇಲ್ಲ. ಬಂದು ಒಂಬತ್ತು ತಿಂದೋನು ದೊಡ್ಡೋನೋ, ಮನೇಲಿ ಕೂತು ಮೂರು ತಿಂದೋನು ದೊಡ್ಡೋನೋ?”

“ಬರದೇ ಇರೋದು ಸೋಲಲ್ಲ ಕಣಯ್ಯ, ಗೈರುಹಾಜರಿ. ಪರೀಕ್ಷೆಗೆ ಗೈರಾದೋನ್ಗೆ ದಡ್ಡ ಅಂತೀವಾ? ಬರೆದು ಸೊನ್ನೆ ತಗೊಂಡೋನ್ಗೆ ದಡ್ಡ ಅಂತೀವಿ.”

ಬಲಗಡೆಯವರು ತಲೆಯಾಡಿಸಿದರು. ನನ್ನ ಪರವಾಗಿ ನಡೆಯುತ್ತಿದ್ದ ವಾದ ಕೇಳಿ ನನಗೇ ಹೇಸಿಗೆಯಾಯಿತು. ಸೋಲಿನ ಅಂಕಿಯನ್ನು ಎಲ್ಲರೂ ನೋಡುತ್ತಿದ್ದರು. ಅದರ ಪಕ್ಕದ ಖಾಲಿ ಕಾಲಂ ಯಾರ ಕಣ್ಣಿಗೂ ಬೀಳಲಿಲ್ಲ. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವನಂತೆ ನಾನು ಕೂತಿದ್ದೆ.

“ಅವತ್ತು ಏನಾಯ್ತು ಅಂತ ಆ ಹುಡುಗನ್ನಾದ್ರೂ ಕೇಳಿ ಸಾರ್. ಆಚೆ ನಿಂತವ್ನೆ,” ಎಂದರು ಕಬಡ್ಡಿಯವರು.

ಕರೆದರು. ಹೊರಗಿನಿಂದ ಚಿಲಕ ಸ್ವಲ್ಪ ಮೇಲೆದ್ದ ಸದ್ದಾಯಿತು, ಬಾಗಿಲು ಒಂದೇ ಸಲಕ್ಕೆ ತೆರೆಯಿತು. ಕ್ಯಾಪ್ಟನ್ ಒಳಗೆ ಬಂದು, ಬಾಗಿಲು ಮುಚ್ಚಿ, ಮೇಲೆ ನೋಡಿ, “ಮೇಲಿನ್ ಹಿಂಜು ಸಡ್ಲ ಆಗದೆ ಸಾರ್, ಎರಡು ಸ್ಕ್ರೂ ಹಾಕಿದ್ರೆ ಸರ್ಯಾಯ್ತದೆ,” ಎಂದ.

“ನೀನು ಬಾಗ್ಲು ರಿಪೇರಿಗೆ ಬಂದ್ಯೇನಯ್ಯ? ಅಲ್ಲಿ ಕೂತ್ಕೋ,” ಎಂದು ಗುರುಗಳು ನನ್ನ ಬೆಂಚು ತೋರಿಸಿದರು.

ಅವನು ಕತ್ತು ಬಗ್ಗಿಸಿಕೊಂಡು ಬಂದು ನನ್ನ ಪಕ್ಕದಲ್ಲಿ ಕೂತ. ಮೊದಲ ಪಾಳಿಗೆ ರಜೆ ಹಾಕಿ ಬಂದಿದ್ದನೋ ಏನೋ, ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಆದರೂ ಮೈಯಿಂದ ಮಿಷನ್ ಎಣ್ಣೆಯ ವಾಸನೆ ಬರುತ್ತಿತ್ತು. ಬೆಂಚು ಚಿಕ್ಕದು, ಅವನ ಮೊಣಕಾಲು ನನ್ನದಕ್ಕೆ ತಾಗುತ್ತಿತ್ತು.

ಕಬಡ್ಡಿಯವರು ಕೇಳಿದರು. “ಆ ಒಂಬತ್ತು ಗೋಲಿನ ಮ್ಯಾಚಲ್ಲಿ ಎಲ್ರೂ ಆಡಿದ್ರೇನಪ್ಪ? ಎಷ್ಟ್ ಜನ ಇದ್ರಿ?”

ಅವನು ನನ್ನ ಮುಖ ನೋಡಿದ. ನಾನು ನಡಾವಳಿ ಪುಸ್ತಕ ನೋಡಿದೆ.

“ಅನ್ನೊಂದು ಜನ ಸಾರ್.”

ಏಳು ಎಂದು ಅವನು ಹೇಳಿಬಿಟ್ಟಿದ್ದರೆ ನಾನು ತಲೆ ತಗ್ಗಿಸಿ ಹೌದು ಎನ್ನಬಹುದಿತ್ತು. ತನ್ನ ಕುತ್ತಿಗೆಗೆ ತಾನೇ ಹಗ್ಗ ಹಾಕಿಕೊಂಡು ನನ್ನನ್ನು ಬಿಡಿಸಿದ್ದ. ಇಷ್ಟಾದ ಮೇಲೂ ಸುಮ್ಮನಿದ್ದರೆ ನಾನು ಮನುಷ್ಯನೇ ಅಲ್ಲ ಅನ್ನಿಸಿತು. ಬಾಯಿ ತೆರೆದೆ.

“ಏಳು,” ಎಂದೆ.

‘ಜನ’ ಎಂಬ ಇನ್ನೊಂದು ಮಾತು ಹಿಂದೆಯೇ ಬರಬೇಕಿತ್ತು. ಬರಲಿಲ್ಲ. ಅಷ್ಟರಲ್ಲಿ ಗುರುಗಳು, “ಹ್ಞಾ, ಸರಿ, ಏಳಪ್ಪ ಏಳು. ಕೇಳಿದ್ದಾಯ್ತು, ಹೇಳಿದ್ದಾಯ್ತು. ಅನ್ನೊಂದು ಜನ ಇದ್ಕಂಡೇ ಒಂಬತ್ತು ತಿಂದವ್ರೆ,” ಎಂದು ಅವನ ಮಾತನ್ನೇ ಅಣಕಿಸಿ ನಕ್ಕರು. ಬಲಗಡೆಯವರೂ ನಕ್ಕರು.

ಅವನು ಎದ್ದ. ತಾರಸಿಗೆ ತಲೆ ತಾಗದ ಹಾಗೆ ಬಗ್ಗಿ ನಡೆದು, ಬಾಗಿಲ ಹತ್ತಿರ ನೆಟ್ಟಗಾಗಿ, ಚಿಲಕದ ಮೇಲೆ ಕೈಯಿಟ್ಟ. ಬಾಗಿಲು ತೆರೆಯಲಿಲ್ಲ. ನಮ್ಮ ಕಡೆ ಬೆನ್ನು ಹಾಕಿಕೊಂಡು ಅಲ್ಲೇ ನಿಂತ. ನಾನು ಲೆಕ್ಕದ ಏಳು ಹೇಳಿದ್ದು, ಎದ್ದೇಳುವ ಏಳಲ್ಲ ಎಂದು ಹೇಳಲು ನನಗೆ ಎಷ್ಟು ಹೊತ್ತು ಬೇಕಿತ್ತು? ಒಂದೇ ಒಂದು ಉಸಿರು. ಆ ಉಸಿರು ಬರಲಿಲ್ಲ. ಹೇಳಿದೆನಲ್ಲ, ಅವರಿಗೆ ತಿಳಿಯದಿದ್ದರೆ ನನ್ನ ತಪ್ಪೇ ಎಂದು ಒಳಗೆ ಒಬ್ಬ ವಕೀಲ ಆಗಲೇ ಎದ್ದು ವಾದಿಸುತ್ತಿದ್ದ.

“ಮೇಲಕ್ಕೆತ್ತಿ ಜಗ್ಗಯ್ಯ,” ಎಂದು ಗುರುಗಳು ಕೂಗಿದರು.

ಬಾಗಿಲು ತೆರೆಯಿತು. ಅವನು ಹೋದ.

ಮತ ಕೇಳಿದರು. ನನ್ನ ಸರದಿ ಬಂದಾಗ, ನಮ್ಮ ಕಾಲೇಜಿನದೇ ವಿಷಯವಾದ್ದರಿಂದ ನಾನು ಮತ ಹಾಕುವುದು ಸರಿಯಲ್ಲ ಎಂದೆ. “ನೋಡ್ರಯ್ಯ, ಸಂಕೋಚ ಅಂದ್ರೆ ಇದು, ಪ್ರಾಮಾಣಿಕತೆ ಅಂದ್ರೆ ಇದು,” ಎಂದು ಗುರುಗಳು ಹೊಗಳಿದರು. ಆ ಹೊಗಳಿಕೆಯ ಹಾಗೆ ಯಾವ ಬೈಗುಳವೂ ನನ್ನನ್ನು ಇಷ್ಟು ವರ್ಷ ಸುಟ್ಟಿಲ್ಲ. ಎರಡಕ್ಕೆ ಒಂದು ಮತ, ಸಂಜೆ ಕಾಲೇಜು ಹೊರಗೆ. ಮುಂದೆ ಇಂಥ ಜಗಳವೇ ಬೇಡವೆಂದು ಅಲ್ಲೇ ಒಂದು ಹೊಸ ನಿಯಮವನ್ನೂ ಮಾಡಿದರು. ಗುರುಗಳು ಹೇಳಿದರು, ನಾನು ಬರೆದುಕೊಂಡೆ: ‘ಎಂಟು ಅಥವಾ ಅದಕ್ಕೂ ಹೆಚ್ಚು ಗೋಲುಗಳ ಅಂತರದಿಂದ ಹೀನಾಯವಾಗಿ ಸೋತ ತಂಡವು ನಾಕೌಟ್ ಹಂತಕ್ಕೆ ಅರ್ಹವಾಗತಕ್ಕದ್ದಲ್ಲ.’ ಅದರ ಮೇಲಿನ ಸಾಲಿನಲ್ಲಿ, ತಂಡದ ನಾಯಕನು ಹನ್ನೊಂದು ಜನ ಆಡಿದ್ದಾಗಿ ಒಪ್ಪಿಕೊಂಡಿರುತ್ತಾನೆ ಎಂದೂ ಬರೆದೆ. ನನ್ನ ಅಕ್ಷರ ದುಂಡಗೆ ಚೆನ್ನಾಗಿರುತ್ತದೆ, ಎಲ್ಲರೂ ಹೇಳುತ್ತಾರೆ.

ನಾಕೌಟ್‌ನಲ್ಲಿ ನಮ್ಮ ಹುಡುಗರು ಸೊನ್ನೆ–ಏಳರಿಂದ ಸೋತರು. ಎಂಟಕ್ಕೆ ಒಂದು ಕಡಿಮೆ, ಹಾಗಾಗಿ ಹೀನಾಯವಲ್ಲ. ಆಯ್ಕೆಯವರು ನಮ್ಮಲ್ಲಿ ಯಾರನ್ನೂ ಎತ್ತಿಕೊಳ್ಳಲಿಲ್ಲ. ಮುಂದಿನ ಜೂನ್‌ನಲ್ಲಿ ನನ್ನ ಆದೇಶದಿಂದ ‘ತಾತ್ಕಾಲಿಕ’ ಬಿದ್ದುಹೋಯಿತು. ನಾಚಿಕೆಯಾಯಿತು, ನಿಜ. ನಾಚಿಕೆಪಡುತ್ತಲೇ ಸ್ಟಾಫ್ ರೂಮಿಗೆಲ್ಲ ಮೈಸೂರು ಪಾಕ್ ಹಂಚಿದೆ.

ವರ್ಷಗಳು ಕಳೆದವು. ವಿಜಯನಗರದಲ್ಲಿ ಒಂದು ಮನೆ ಆಯಿತು. ಗುರುಗಳು ನಿವೃತ್ತರಾದ ಮೇಲೆ ಎರಡು ಸಾವಿರದ ಇಸವಿಯ ಆಚೆ ನಾನೇ ಅಧ್ಯಕ್ಷನಾಗಿ ಎತ್ತರದ ಕಡೆ ಕೂತೆ. ನಡಾವಳಿ ಪುಸ್ತಕ ಹಿಡಿದು ತಗ್ಗಿನಲ್ಲಿ ಕೂರಲು ಹೊಸ ಕಾರ್ಯದರ್ಶಿ ಬಂದರು. ಒಂದು ವರ್ಷ ಯಾವುದೋ ತಂಡ ಹತ್ತು ಗೋಲಿನಿಂದ ಸೋತು, ಮಿಕ್ಕ ಪಂದ್ಯಗಳನ್ನೆಲ್ಲ ಗೆದ್ದುಕೊಂಡು ನಾಕೌಟ್ ಬಾಗಿಲಿಗೆ ಬಂದಿತು. ಒಂದು ಕೆಟ್ಟ ದಿನ ನೋಡಿ ತಂಡವನ್ನು ಅಳೆಯಬಾರದು, ಈ ನಿಯಮ ತೆಗೆದುಹಾಕೋಣ ಎಂದೆ.

ಕಾರ್ಯದರ್ಶಿ ಹಳೆಯ ಪುಸ್ತಕ ತಿರುವಿ ಪುಟ ತೋರಿಸಿದರು. “ಸಾರ್, ಅಕ್ಷರ ನಿಮ್ಮದೇ ಅಲ್ವ? ಬರೆಯುವಾಗ ಏನೋ ಕಾರಣ ಇದ್ದಿರಬೇಕಲ್ಲ?”

ಕಾರಣ ಹೇಳಬೇಕಾದರೆ ಏಳು ಜನರ ಕಥೆ ಹೇಳಬೇಕು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಈಗ ನನ್ನ ಕೆಲಸ ಯಾರೂ ಕಿತ್ತುಕೊಳ್ಳುವ ಹಾಗಿರಲಿಲ್ಲ, ತಲೆಯ ಮೇಲೆ ಕಾಂಕ್ರೀಟೂ ಇರಲಿಲ್ಲ. ಆದರೂ ಬಾಯಿ ಬರಲಿಲ್ಲ. ಇರಲಿ ಬಿಡಿ, ನಿಯಮ ಅಂದರೆ ನಿಯಮ ಎಂದೆ. ಆ ತಂಡವೂ ಹೊರಗೆ ಹೋಯಿತು. ಆಮೇಲೆ ಇನ್ನೂ ಎರಡು ತಂಡ ಹೋದವು.

ಅದಾಗಿ ಒಂದೆರಡು ವರ್ಷಕ್ಕೆ, ಪಂದ್ಯಾವಳಿಗೆ ಒಂದು ಫ್ಯಾಕ್ಟರಿಯ ಮೈದಾನ ಕೇಳಲೆಂದು ಹೆಬ್ಬಾಳಕ್ಕೆ ಹೋಗಿದ್ದೆ. ವಾಪಸ್ ಬರಲು ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಎರಡು ಗಂಟೆಯ ಪಾಳಿ ಬಿಟ್ಟಿತ್ತು, ಜನ ನುಗ್ಗಿದರು. ನನ್ನ ಪಕ್ಕದಲ್ಲಿ ಟಿಫಿನ್ ಕ್ಯಾರಿಯರ್ ಹಿಡಿದ ಒಬ್ಬ ಕೂತ. ಕಿವಿಯ ಹತ್ತಿರ ಕೂದಲು ನರೆತಿತ್ತು.

“ಸಾರ್,” ಎಂದ. ದನಿ ಕೇಳಿದ ಕೂಡಲೇ ಗೊತ್ತಾಯಿತು. ಎದ್ದು ಹೋಗೋಣವೆಂದರೆ ಹಿಂದೆ ಮುಂದೆ ಜನ, ಒಂದು ಕಡೆ ಕಿಟಕಿಯ ಸರಳು, ಇನ್ನೊಂದು ಕಡೆ ಅವನು.

ಮನೆ ಕಡೆಯದ್ದೆಲ್ಲ ಅವನೇ ಕೇಳಿದ. ಆ ಫ್ಯಾಕ್ಟರಿಯಲ್ಲಿ ಆಗಲಿಲ್ಲವಂತೆ, ಆಮೇಲೆ ಎರಡು ಕಡೆ ಬದಲಾಯಿಸಿ ಈಗ ಇನ್ನೊಂದರಲ್ಲಿ ಇದ್ದಾನಂತೆ.

“ಕಾಯಂ ಆಯ್ತಾ?” ಎಂದೆ. ಕೇಳಬಾರದಿತ್ತು.

“ಕಾಂಟ್ರಾಕ್ಟು ಸಾರ್. ನಡೀತದೆ.”

ಎರಡು ಸ್ಟಾಪು ಕಳೆದವು. ನಾನು ಇಳಿಯಬೇಕಾದ ಸ್ಟಾಪೂ ಹೋಯಿತು. ಅವನು ದೂರಿದ್ದರೆ, ಒಂದು ಮಾತು ಚುಚ್ಚಿದ್ದರೆ ನನಗೆ ಹಗುರವಾಗುತ್ತಿತ್ತು. ಅವನು ಹಾಗೇನೂ ಮಾಡಲಿಲ್ಲ. ಕೊನೆಗೆ ನಾನೇ, “ಅವತ್ತು ಹನ್ನೊಂದು ಅಂತ ಯಾಕೆ ಹೇಳ್ದೆ?” ಎಂದು ಕೇಳಿದೆ.

“ನಾನು ನಿಜ ಅಂದ್ರೆ ನಿಮ್ ಕೆಲ್ಸಕ್ಕೆ ಕುತ್ತು ಬರ್ತಿತ್ತಲ್ವ ಸಾರ್? ನೀವೂ ಟೆಂಪರರಿ ಅಂತ ಗೊತ್ತಿತ್ತು.”

ಹನ್ನೆರಡು ವರ್ಷ ಯಾರಿಗೂ ಹೇಳದ್ದನ್ನು ಆಗ ಅವನಿಗೆ ಹೇಳಿದೆ. “ನಾನು ಅವತ್ತು ಏಳು ಅಂದದ್ದು ನಿನ್ನನ್ನ ಎಬ್ಬಿಸೋಕಲ್ಲ ಕಣಯ್ಯ. ಏಳು ಜನ ಅಂತ ಹೇಳೋಕೆ ಹೊರಟಿದ್ದೆ. ಎಲ್ರೂ ತಪ್ಪು ತಿಳ್ಕೊಂಡ್ರು. ನೀನೂ ತಪ್ಪು ತಿಳ್ಕೊಂಡು ಎದ್ದು ಹೋಗ್ಬಿಟ್ಟೆ.”

ಅವನು ಕ್ಯಾರಿಯರನ್ನು ಒಂದು ಕೈಯಿಂದ ಇನ್ನೊಂದಕ್ಕೆ ತೆಗೆದುಕೊಂಡ.

“ನಂಗೆ ಅರ್ಥ ಆಗಿತ್ತು ಸಾರ್. ನನ್ ಪಕ್ಕದಲ್ಲೇ ಕೂತು ಅಂದ್ರಲ್ಲ, ನೀವಂದಿದ್ದು ಲೆಕ್ಕದ ಏಳೇ. ಅದ್ಕೇ ಬಾಗ್ಲತ್ರ ಹೋಗಿ ಅಷ್ಟೊತ್ತು ನಿಂತ್ಕಂಡಿದ್ದೆ, ಇನ್ನೊಂದ್ ಸಲ ಅಂತೀರೇನೋ ಅಂತ.”

ಬಾಗಿಲು ಕಚ್ಚಿಕೊಂಡಿತ್ತು ಎಂದೇ ನಾನು ಇಷ್ಟು ವರ್ಷ ನಂಬಿದ್ದೆ.